ಕನ್ನಡ ನೆಲ ಒಂದೇ, ತೆರಿಗೆ ಲೆಕ್ಕ ಐದು: ಬೇಸಾಯದ ಆದಾಯ ತೆರಿಗೆಯ ಹಳೆ ಕಥೆ

ಪ್ರತಿ ವರ್ಷ ಫೆಬ್ರವರಿಯಲ್ಲಿ ಕೇಂದ್ರ ಬಜೆಟ್ ಮಂಡನೆಯಾದ ಸಂಜೆ ನಮ್ಮ ಕಡೆಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಜಗಳ ತಪ್ಪುವುದಿಲ್ಲ. ನೌಕರಿಯಲ್ಲಿರುವವರು ಯಾರೋ ಒಬ್ಬರು, "ನಮ್ಮ ಸಂಬಳ ಕೈಗೆ ಬರೋ ಮುಂಚೆನೇ ತೆರಿಗೆ ಹಿಡೀತಾರೆ, ತೋಟದವ್ರಿಗೆ ಒಂದು ಪೈಸೆನೂ ಇಲ್ಲ" ಅಂತ ಹಾಕುತ್ತಾರೆ. "ಒಂದು ವರ್ಷ ಹೊಲ ಮಾಡಿ ನೋಡಪ್ಪ, ಆಮೇಲೆ ಮಾತಾಡು" ಅಂತ ಆ ಕಡೆಯಿಂದ ಉತ್ತರ ಬರುತ್ತದೆ. ಮಧ್ಯರಾತ್ರಿಯವರೆಗೆ ನಡೆದು ಯಾರೋ ಒಬ್ಬರು ಗುಂಪು ಬಿಟ್ಟು ಹೋಗುವಲ್ಲಿಗೆ ಮುಗಿಯುತ್ತದೆ.

ಇಬ್ಬರೂ ಹೇಳುವುದು ಅರ್ಧ ನಿಜ. ಬೇಸಾಯದ ಆದಾಯಕ್ಕೆ ದೆಹಲಿ ತೆರಿಗೆ ಹಾಕುವುದಿಲ್ಲ ಎಂಬುದು ಸರಿ. ಆದರೆ ರೈತನ ಮೇಲೆ ತೆರಿಗೆಯೇ ಇರಲಿಲ್ಲ ಎನ್ನುವುದು ತಪ್ಪು. ಬೇಸಾಯದ ಆದಾಯಕ್ಕೂ ಆದಾಯ ತೆರಿಗೆ ಇತ್ತು, ನಮ್ಮ ರಾಜ್ಯದಲ್ಲೇ ಇತ್ತು. ಅದನ್ನು ಹಾಕುತ್ತಿದ್ದದ್ದು ರಾಜ್ಯಗಳು. ಒಂದೇ ಬೆಳೆಗೆ ಗಡಿಯ ಈ ಕಡೆ ಒಂದು ಲೆಕ್ಕ, ಆ ಕಡೆ ಇನ್ನೊಂದು ಲೆಕ್ಕ. ಆ ಕಥೆಯನ್ನು ಒಮ್ಮೆ ಸರಿಯಾಗಿ ಹೇಳೋಣ ಅಂತ ಕೂತಿದ್ದೇವೆ.

ಮೊದಲು ನಿಮ್ಮ ಪಹಣಿ ತೆಗೆದು ನೋಡಿ. ಮೊಬೈಲಿನಲ್ಲೇ ಸಿಗುತ್ತದೆ. ಅದರಲ್ಲಿ ಭೂಕಂದಾಯ ಎಂಬ ಕಲಂ ಇರುತ್ತದೆ. ಕೆಲವು ರೂಪಾಯಿ, ಕೆಲವು ಪೈಸೆ ಬರೆದಿರುತ್ತದೆ. ಇವತ್ತು ಅದನ್ನು ಕಂಡು ನಗು ಬರಬಹುದು. ಆದರೆ ನಮ್ಮ ಮುತ್ತಜ್ಜನ ಕಾಲದಲ್ಲಿ ಆ ಕಲಮ್ಮಿನ ಸಂಖ್ಯೆಗಾಗಿ ಎತ್ತು ಹರಾಜಾಗಿವೆ, ಹೆಂಡತಿಯ ಕೊರಳಿನ ತಾಳಿ ಅಡವಿಗೆ ಹೋಗಿದೆ. ಕಂದಾಯದ ಗುಣವೇ ಅದು. ಅದು ನೆಲವನ್ನು ನೋಡುತ್ತದೆ, ಮನೆಯನ್ನು ನೋಡುವುದಿಲ್ಲ. ಮಳೆ ಬಂತೋ ಇಲ್ಲವೋ, ಬೆಳೆ ಕೈಗೆ ಹತ್ತಿತೋ ಇಲ್ಲವೋ, ಎಕರೆಗೆ ಇಷ್ಟು ಎಂದರೆ ಇಷ್ಟು. ಎರಡು ಎಕರೆಯವನಿಗೂ ಇನ್ನೂರು ಎಕರೆಯವನಿಗೂ ದರ ಒಂದೇ.

ಆದಾಯ ತೆರಿಗೆಯ ಗುಣ ಬೇರೆ. ಅಲ್ಲಿ ಒಂದು ಮಿತಿ ಇರುತ್ತದೆ, ಅದರ ಕೆಳಗಿನವರು ಕೊಡಬೇಕಿಲ್ಲ. ಮೇಲೆ ಹೋದಂತೆ ದರ ಏರುತ್ತದೆ. ಈ ವ್ಯತ್ಯಾಸ ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ನಮ್ಮ ದೇಶಕ್ಕೆ ಆದಾಯ ತೆರಿಗೆ ಬಂದದ್ದು 1860ರಲ್ಲಿ. 1857ರ ದಂಗೆ ಅಡಗಿಸಿದ ಖರ್ಚಿನಿಂದ ಬ್ರಿಟಿಷ್ ಸರಕಾರದ ಬೊಕ್ಕಸ ಬರಿದಾಗಿತ್ತು. ಅದನ್ನು ಸರಿಮಾಡಲು ಲಂಡನ್ನಿನಿಂದ ಬಂದವರು ಜೇಮ್ಸ್ ವಿಲ್ಸನ್. 'ದಿ ಎಕನಾಮಿಸ್ಟ್' ಪತ್ರಿಕೆ ಶುರುಮಾಡಿದವರು ಇವರೇ. ವರ್ಷಕ್ಕೆ 200ರಿಂದ 500 ರೂಪಾಯಿ ಆದಾಯ ಇದ್ದವರಿಗೆ ನೂರಕ್ಕೆ 2, ಅದರ ಮೇಲಿನವರಿಗೆ ನೂರಕ್ಕೆ 4. ಆ ಮೊದಲ ಕಾನೂನಿನಲ್ಲಿ ಜಮೀನಿನ ಆದಾಯಕ್ಕೆ ವಿನಾಯಿತಿ ಇರಲಿಲ್ಲ. ಅಂದರೆ ಭಾರತದ ಮೊಟ್ಟಮೊದಲ ಆದಾಯ ತೆರಿಗೆ ಬೇಸಾಯವನ್ನೂ ಸೇರಿಸಿಕೊಂಡೇ ಹುಟ್ಟಿತು. ವಿಲ್ಸನ್ ಅದೇ ವರ್ಷ ಆಗಸ್ಟಿನಲ್ಲಿ ಕಲ್ಕತ್ತಾದಲ್ಲಿ ಭೇದಿಯಿಂದ ತೀರಿಕೊಂಡರು.

ಇಲ್ಲಿ ಪತ್ರಿಕೋದ್ಯಮ ಓದಿದ ನಮ್ಮಂಥವರಿಗೆ ಇಷ್ಟವಾಗುವ ಒಂದು ಪ್ರಸಂಗ ಇದೆ. ಆಗ ಮದ್ರಾಸಿನ ಗವರ್ನರ್ ಆಗಿದ್ದ ಚಾರ್ಲ್ಸ್ ಟ್ರೆವೆಲಿಯನ್ ಈ ತೆರಿಗೆಯನ್ನು ಒಪ್ಪಲಿಲ್ಲ. ಸುಮ್ಮನೆ ಕಡತದಲ್ಲಿ ಬರೆದು ಬಿಡದೆ ತಮ್ಮ ವಿರೋಧವನ್ನು ಪತ್ರಿಕೆಗಳಿಗೇ ಕೊಟ್ಟುಬಿಟ್ಟರು. ಸರಕಾರ ಅವರನ್ನು ವಾಪಸ್ ಕರೆಸಿಕೊಂಡಿತು. ತಮಾಷೆ ಎಂದರೆ ಎರಡೇ ವರ್ಷದಲ್ಲಿ ಅವರು ಇಡೀ ದೇಶದ ಹಣಕಾಸು ನೋಡುವ ಹುದ್ದೆಗೆ ತಿರುಗಿ ಬಂದರು. ಅವರ ಕಾಲದಲ್ಲೇ, 1865ರಲ್ಲಿ, ಆ ತೆರಿಗೆ ನಿಂತಿತು.

ಆಮೇಲೆ ತೆರಿಗೆ ಬಂತು, ಹೋಯಿತು, ಮತ್ತೆ ಬಂತು. 1886ರ ಕಾನೂನಿನಲ್ಲಿ ಮಾತ್ರ ಒಂದು ದೊಡ್ಡ ಬದಲಾವಣೆ ಆಯಿತು. ಬೇಸಾಯದ ಆದಾಯವನ್ನು ಹೊರಗಿಟ್ಟರು. ಭೂಮಿ ಆಗಲೇ ಕಂದಾಯ ಕೊಡುತ್ತಿದೆ, ಅದರ ಮೇಲೆ ಸೆಸ್ಸುಗಳನ್ನೂ ಕೊಡುತ್ತಿದೆ, ಇನ್ನೊಂದು ಹೊರೆ ಬೇಡ ಎಂಬುದು ವಾದ. ಕೇಳಲು ನ್ಯಾಯವಾಗಿಯೇ ಇದೆ. 1922ರ ಕಾನೂನಿನಲ್ಲೂ, 1961ರ ಕಾನೂನಿನಲ್ಲೂ ಅದೇ ಮುಂದುವರಿಯಿತು.

ಆದರೆ ಈ ವಿನಾಯಿತಿಯಿಂದ ಲಾಭವಾದದ್ದು ಯಾರಿಗೆ? ಎರಡು ಎಕರೆಯ ರೈತನಿಗೆ ಹೇಗೂ ಆದಾಯ ತೆರಿಗೆಯ ಮಿತಿ ಮುಟ್ಟುವಷ್ಟು ದುಡಿಮೆ ಇರಲಿಲ್ಲ. ಲಾಭವಾದದ್ದು ದೊಡ್ಡವರಿಗೆ, ಎಲ್ಲರಿಗಿಂತ ಹೆಚ್ಚಾಗಿ ಬಂಗಾಳ, ಬಿಹಾರದ ಜಮೀನ್ದಾರರಿಗೆ. ಅಲ್ಲಿ 1793ರಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಮಾಡಿದ ಕಾಯಂ ಗುತ್ತಿಗೆ ಪದ್ಧತಿ ಇತ್ತು. ಸರಕಾರಕ್ಕೆ ಜಮೀನ್ದಾರ ಕೊಡಬೇಕಾದ ಮೊತ್ತ ಶಾಶ್ವತವಾಗಿ ಒಂದೇ. ರೈತನಿಂದ ಅವನು ವಸೂಲಿ ಮಾಡುವ ಗೇಣಿ ಮಾತ್ರ ನೂರು, ನೂರೈವತ್ತು ವರ್ಷ ಏರುತ್ತಲೇ ಹೋಯಿತು. ನಡುವೆ ಉಳಿದ ದುಡ್ಡಿಗೆ ಕಂದಾಯವೂ ಇಲ್ಲ, ಆದಾಯ ತೆರಿಗೆಯೂ ಇಲ್ಲ.

ನಮ್ಮ ಕಡೆ ಇದ್ದದ್ದು ರೈತವಾರಿ. ಥಾಮಸ್ ಮನ್ರೋ ಹೆಸರಿನ ಜೊತೆ ಸೇರಿಕೊಂಡ ಪದ್ಧತಿ. ಮನ್ರೋ ಸ್ವಲ್ಪ ಕಾಲ ನಮ್ಮ ಕೆನರಾ ಜಿಲ್ಲೆಯ ಕಲೆಕ್ಟರ್ ಕೂಡ ಆಗಿದ್ದರು. ಇಲ್ಲಿ ಸರಕಾರಕ್ಕೂ ರೈತನಿಗೂ ನೇರ ಲೆಕ್ಕ, ಆಗಾಗ ಸರ್ವೆ ಮಾಡಿ ಕಂದಾಯ ಏರಿಸುವ ಅವಕಾಶ. ಹಾಗಾಗಿ ನಮ್ಮ ಹಿರಿಯರ ಹೋರಾಟಗಳೆಲ್ಲ ಕಂದಾಯದ ವಿರುದ್ಧವೇ ನಡೆದವು. 1830ರ ನಗರದ ರೈತರ ದಂಗೆ, 1930ರ ದಶಕದಲ್ಲಿ ಅಂಕೋಲಾ, ಸಿದ್ದಾಪುರದ ಕರನಿರಾಕರಣೆ, ಎಲ್ಲದರ ಹಿಂದೆ ಅದೇ ಸಂಕಟ. ಸ್ವಾತಂತ್ರ್ಯ ಬಂದ ಮೇಲೂ ನಿಲ್ಲಲಿಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗುಂಡು ಹಾರಿದ್ದು ನೀರಿನ ಕರ ಮತ್ತು ಅಭಿವೃದ್ಧಿ ಕರದ ಜಗಳಕ್ಕೆ. ರೈತನಿಗೆ ತೆರಿಗೆಯೇ ಇಲ್ಲ ಎನ್ನುವವರು ಒಮ್ಮೆ ನರಗುಂದದ ಕಡೆ ಹೋಗಿ ಬರಬೇಕು.

ಈ ಅನ್ಯಾಯವನ್ನು ಸ್ಪಷ್ಟವಾಗಿ ಎತ್ತಿ ತೋರಿಸಿದವರಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಒಬ್ಬರು. 1927ರಲ್ಲಿ ಅವರು ಮುಂಬಯಿ ಶಾಸನ ಪರಿಷತ್ತಿಗೆ ಹೊಸದಾಗಿ ಬಂದಿದ್ದರು. ಆಗ ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಅದೇ ಪ್ರಾಂತ್ಯದ ಜಿಲ್ಲೆಗಳು. ಬಜೆಟ್ ಚರ್ಚೆಯಲ್ಲಿ ಅವರು ಎತ್ತಿದ ಪ್ರಶ್ನೆಯ ಸಾರ ಇಷ್ಟು: ಆದಾಯ ತೆರಿಗೆಯಲ್ಲಿ ದುಡಿಮೆ ಇಲ್ಲದ ವರ್ಷ ಯಾರೂ ಕೊಡಬೇಕಿಲ್ಲ, ಕಂದಾಯದಲ್ಲಿ ಮಾತ್ರ ಬೆಳೆ ಹೋದರೂ ರೈತ ಕೊಡಲೇಬೇಕು. ಬಡ ರೈತನಿಗೂ ದೊಡ್ಡ ಇನಾಮದಾರನಿಗೂ ಒಂದೇ ಅಳತೆ ಯಾವ ನ್ಯಾಯ? ಅದಕ್ಕೆ ಸ್ವಲ್ಪ ಮೊದಲು, 1924-25ರಲ್ಲಿ, ಚಾರ್ಲ್ಸ್ ಟಾಡ್‌ಹಂಟರ್ ಅಧ್ಯಕ್ಷತೆಯ ತೆರಿಗೆ ವಿಚಾರಣಾ ಸಮಿತಿಯೂ ಬೇಸಾಯದ ಆದಾಯವನ್ನು ಹೊರಗಿಡಲು ಇತಿಹಾಸದಲ್ಲಾಗಲಿ ತತ್ವದಲ್ಲಾಗಲಿ ಆಧಾರವಿಲ್ಲ ಎಂದಿತ್ತು. ಆದರೆ ವಸೂಲಿ ಕಷ್ಟ, ರಾಜಕೀಯವಾಗಿಯೂ ಕಷ್ಟ ಎಂದು ಸೇರಿಸಿತ್ತು. ಇವತ್ತಿಗೂ ಸಮಿತಿಗಳು ಹೇಳುವುದು ಹೆಚ್ಚುಕಡಿಮೆ ಇಷ್ಟೇ.

1935ರ ಭಾರತ ಸರಕಾರ ಕಾಯ್ದೆ ಬಂದಾಗ ಬೇಸಾಯದ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಪ್ರಾಂತ್ಯಗಳಿಗೆ ಕೊಟ್ಟರು. ನಮ್ಮ ಸಂವಿಧಾನವೂ ಅದನ್ನೇ ಉಳಿಸಿಕೊಂಡಿತು. ಏಳನೇ ಅನುಸೂಚಿಯಲ್ಲಿ ಕೇಂದ್ರದ ಪಟ್ಟಿಯ 82ನೇ ನಮೂದು: ಕೃಷಿ ಆದಾಯ ಬಿಟ್ಟು ಉಳಿದ ಆದಾಯದ ಮೇಲೆ ತೆರಿಗೆ. ರಾಜ್ಯದ ಪಟ್ಟಿಯ 46ನೇ ನಮೂದು: ಕೃಷಿ ಆದಾಯದ ಮೇಲೆ ತೆರಿಗೆ. ಅಂದರೆ ನಮ್ಮ ವಾಟ್ಸ್ಆ್ಯಪ್ ಜಗಳ ನಡೆಯುತ್ತಿರುವುದು ತಪ್ಪು ಬಜೆಟ್ಟಿನ ದಿನ. ಈ ವಿಷಯ ದೆಹಲಿಯದಲ್ಲ, ವಿಧಾನಸೌಧದ್ದು.

ಅಧಿಕಾರ ಸಿಕ್ಕ ಮೇಲೆ ಮೊದಲು ಮುಂದೆ ಬಂದದ್ದು ಬಿಹಾರ, 1938ರಲ್ಲಿ. ಅಲ್ಲಿ ಜಮೀನ್ದಾರಿ ಇದ್ದದ್ದರಿಂದ ಇದು ಸಹಜ. ಕಂದಾಯ ಏರಿಸಲು ಆಗದ ಕಡೆ ದೊಡ್ಡ ಜಮೀನ್ದಾರನ ಪೆಟ್ಟಿಗೆ ಮುಟ್ಟಲು ಇದ್ದ ದಾರಿ ಇದು. 1939ರಲ್ಲಿ ಅಸ್ಸಾಂ ಬಂತು. ಅಲ್ಲಿನ ಗುರಿ ಚಹಾ ತೋಟಗಳು. 1944ರಲ್ಲಿ ಬಂಗಾಳ, 1947ರಲ್ಲಿ ಒಡಿಶಾ, 1948ರಲ್ಲಿ ಉತ್ತರ ಪ್ರದೇಶ. ಉತ್ತರ ಪ್ರದೇಶ ಹತ್ತು ವರ್ಷದೊಳಗೆ ಅದನ್ನು ಬಿಟ್ಟು ದೊಡ್ಡ ಹಿಡುವಳಿಗಳ ಮೇಲಿನ ತೆರಿಗೆಗೆ ಹೊರಳಿತು. ಇನ್ನು ಪಂಜಾಬ್, ಹರಿಯಾಣ? ಹಸಿರು ಕ್ರಾಂತಿಯಲ್ಲಿ ಎಲ್ಲರಿಗಿಂತ ಮುಂದೆ ಹೋದ, ಟ್ರ್ಯಾಕ್ಟರ್, ಕೊಳವೆಬಾವಿ ತುಂಬಿದ ಆ ರಾಜ್ಯಗಳು ಈ ತೆರಿಗೆಯ ಗೊಡವೆಗೇ ಹೋಗಲಿಲ್ಲ.

ಈಗ ನಮ್ಮ ಮನೆಯ ಕಥೆಗೆ ಬರೋಣ. 1956ರ ನವೆಂಬರ್ 1ರಂದು ಕನ್ನಡ ಮಾತಾಡುವ ಜಿಲ್ಲೆಗಳು ಒಂದಾದಾಗ ಬೇರೆ ಬೇರೆ ಆಡಳಿತದಿಂದ ಬಂದ ನೆಲ ಒಟ್ಟು ಸೇರಿತು ಎಂಬುದು ಶಾಲೆಯಲ್ಲಿ ಓದಿದ್ದೇವೆ. ಆದರೆ ಪ್ರತಿಯೊಂದೂ ತನ್ನ ತೆರಿಗೆ ಕಾನೂನನ್ನೂ ಹೊತ್ತು ತಂದಿತ್ತು ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ಹಳೆ ಮೈಸೂರಿನಲ್ಲಿ 1955ರ ಕೃಷಿ ಆದಾಯ ತೆರಿಗೆ ಕಾನೂನು. ಕೊಡಗು ಆಗ ತನ್ನದೇ ವಿಧಾನಸಭೆ ಇದ್ದ ಪುಟ್ಟ ರಾಜ್ಯ, ಅಲ್ಲಿ 1951ರ ಕಾನೂನು. ಬೀದರ್, ಕಲಬುರಗಿ, ರಾಯಚೂರಿನಲ್ಲಿ ಹೈದರಾಬಾದ್ ರಾಜ್ಯದ 1950ರ ಕಾನೂನು. ದಕ್ಷಿಣ ಕನ್ನಡದಲ್ಲಿ ಮದ್ರಾಸಿನ 1955ರ ಕಾನೂನು. ಮುಂಬಯಿ ರಾಜ್ಯದಿಂದ ಬಂದ ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡಕ್ಕೆ ಇಂಥ ತೆರಿಗೆಯೇ ಇರಲಿಲ್ಲ. ಮಹಾರಾಷ್ಟ್ರ ಅದನ್ನು ತಂದದ್ದು 1962ರಲ್ಲಿ, ಅಷ್ಟರಲ್ಲಿ ಈ ಜಿಲ್ಲೆಗಳು ನಮ್ಮ ಕಡೆ ಬಂದಾಗಿತ್ತು.

ಮದ್ರಾಸಿನ ಕಾನೂನು ಇನ್ನೂ ವಿಚಿತ್ರ. ಅದರ ಹೆಸರಲ್ಲೇ ಪ್ಲಾಂಟೇಶನ್ ಎಂದಿತ್ತು. ಚಹಾ, ಕಾಫಿ, ರಬ್ಬರ್, ಸಿಂಕೋನಾ, ಏಲಕ್ಕಿ, ಈ ಐದು ಬೆಳೆಯ ತೋಟಗಳಿಗೆ ಮಾತ್ರ ಅನ್ವಯ. ಹಾಗಾಗಿ ಪುತ್ತೂರಿನ ಕಡೆಯ ಅಡಿಕೆ ತೋಟ ಎಷ್ಟೇ ದೊಡ್ಡದಿದ್ದರೂ ಆ ಲೆಕ್ಕಕ್ಕೆ ಬರುತ್ತಿರಲಿಲ್ಲ. 1958ರಲ್ಲಿ ಮದ್ರಾಸ್ ಎಲ್ಲ ಬೆಳೆಗೂ ಅದನ್ನು ಹಿಗ್ಗಿಸಿತು. ಆ ಹೊತ್ತಿಗೆ ದಕ್ಷಿಣ ಕನ್ನಡ ಮದ್ರಾಸಿನ ಕೈಬಿಟ್ಟು ಹೋಗಿತ್ತು. ಗಡಿ ಗೆರೆ ಎರಡು ವರ್ಷ ತಡವಾಗಿ ಬದಲಾಗಿದ್ದರೆ ಆ ಅಡಿಕೆಯವರ ಪಾಲಿಗೆ ಬೇರೆಯೇ ಕಥೆ ಆಗುತ್ತಿತ್ತು.

1957ರಲ್ಲಿ ಹೊಸ ಮೈಸೂರು ರಾಜ್ಯ ಇಡೀ ರಾಜ್ಯಕ್ಕೆ ಒಂದೇ ಕಾನೂನು ಮಾಡಿತು. ಅದೇ ಮುಂದೆ ಕರ್ನಾಟಕ ಕೃಷಿ ಆದಾಯ ತೆರಿಗೆ ಕಾಯ್ದೆ ಎಂದು ಹೆಸರಾಯಿತು. ಕಡತಗಳಲ್ಲಿ ಕೃಷಿ ವರಮಾನ ತೆರಿಗೆ ಎಂದೂ ಬರೆಯುತ್ತಾರೆ. ಇದರ ಭಾರ ಹೊತ್ತವರು ಮುಖ್ಯವಾಗಿ ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟದವರು.

ಯಾಕೆ ಕಾಫಿ? ಉತ್ತರ ಶ್ರೀಮಂತಿಕೆಯಲ್ಲಿ ಮಾತ್ರ ಇಲ್ಲ, ರಸೀದಿಯಲ್ಲಿದೆ. ರಾಗಿ ಬೆಳೆದವನು ಮನೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಸಂತೆಯಲ್ಲಿ ಮಾರುತ್ತಾನೆ. ಅದಕ್ಕೆ ಚೀಟಿ ಎಲ್ಲಿಯದು? ಕಾಫಿಯದು ಹಾಗಲ್ಲ. 1942ರ ಕಾಫಿ ಕಾಯ್ದೆಯ ನಂತರ ಸುಮಾರು ಐವತ್ತು ವರ್ಷ ಬೆಳೆಗಾರ ತನ್ನ ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೆ ಒಪ್ಪಿಸಬೇಕಿತ್ತು. ಬೋರ್ಡು ಮಾರಿ, ಕಂತುಕಂತಾಗಿ ದುಡ್ಡು ಕೊಡುತ್ತಿತ್ತು. ಯಾರು ಎಷ್ಟು ಒಪ್ಪಿಸಿದರು, ಎಷ್ಟು ದುಡ್ಡು ಪಡೆದರು ಎಲ್ಲ ಕಾಗದದ ಮೇಲೆ. ತೆರಿಗೆ ಅಧಿಕಾರಿಗೆ ಇದಕ್ಕಿಂತ ಏನು ಬೇಕು? ಸಣ್ಣಪುಟ್ಟ ಬೆಳೆಗಾರರಿಗೆ ಲೆಕ್ಕಪತ್ರದ ತಲೆನೋವು ಬೇಡವೆಂದು ಎಕರೆಗೆ ಇಷ್ಟು ಎಂದು ಕಟ್ಟಿ ರಾಜಿ ಮಾಡಿಕೊಳ್ಳುವ ಅವಕಾಶವೂ ಕಾನೂನಿನಲ್ಲಿತ್ತು. ನಮಗೆ ಇದು ಸ್ವಲ್ಪ ನಗು ತರಿಸುತ್ತದೆ. ಕಂದಾಯದ ಅನ್ಯಾಯ ತಪ್ಪಿಸಲು ಆದಾಯ ತೆರಿಗೆ ತಂದರು, ಅದು ಸುತ್ತಿ ಬಂದು ಮತ್ತೆ ಎಕರೆ ಲೆಕ್ಕದಲ್ಲೇ ಕೂತಿತು.

ಎಕರೆ ಲೆಕ್ಕ ಎಷ್ಟು ಕುರುಡಾಗಬಹುದು ಎಂಬುದಕ್ಕೆ ಪಕ್ಕದ ಕೇರಳದ ಒಂದು ಪ್ರಕರಣ ಪ್ರಸಿದ್ಧ. ಅಲ್ಲಿ ತಿರುವಾಂಕೂರು-ಕೊಚ್ಚಿ ಭೂ ತೆರಿಗೆ ಕಾನೂನು ಎಲ್ಲ ನೆಲಕ್ಕೂ ಎಕರೆಗೆ 2 ರೂಪಾಯಿ ಎಂದು ಹಾಕಿತು. ಗದ್ದೆಯೂ ಅಷ್ಟೇ, ಕಲ್ಲುಗುಡ್ಡವೂ ಅಷ್ಟೇ. ಸುಮಾರು 25 ಸಾವಿರ ಎಕರೆ ಕಾಡಿದ್ದ ಮೂಪಿಲ್ ನಾಯರ್ ಎಂಬವರು ಕೋರ್ಟಿಗೆ ಹೋದರು. ಆ ಕಾಡಿನಿಂದ ಅವರಿಗೆ ಬರುತ್ತಿದ್ದದ್ದು ವರ್ಷಕ್ಕೆ ಮೂರು ಸಾವಿರದ ಚಿಲ್ಲರೆ ರೂಪಾಯಿ, ಕೇಳಿದ ತೆರಿಗೆ 50 ಸಾವಿರಕ್ಕೂ ಹೆಚ್ಚು. ಸುಪ್ರೀಂ ಕೋರ್ಟು ಸಮಾನತೆಯ 14ನೇ ವಿಧಿಗೆ ಇದು ವಿರುದ್ಧ ಎಂದು ಆ ಕಾನೂನನ್ನು ಹೊಡೆದುಹಾಕಿತು. ಫಲ ಎಷ್ಟು ಬರುತ್ತದೆ ಎಂದು ನೋಡದೆ ಎಲ್ಲ ನೆಲವನ್ನೂ ಒಂದೇ ಕೋಲಿನಲ್ಲಿ ಅಳೆಯುವುದು ಕೂಡ ತಾರತಮ್ಯವೇ ಎಂದು ಹೇಳಿದ ತೀರ್ಪು ಅದು. ಗೆದ್ದವರು ದೊಡ್ಡ ಭೂಮಾಲೀಕರು ನಿಜ, ಆದರೆ ವಾದದೊಳಗೆ ಸಣ್ಣ ರೈತನ ಹಳೆ ದೂರೂ ಇತ್ತು.

ಈ ಗೊಂದಲಕ್ಕೆಲ್ಲ ದೇಶಕ್ಕೇ ಒಂದು ಪರಿಹಾರ ಹುಡುಕುವ ಪ್ರಯತ್ನ 1972ರಲ್ಲಿ ನಡೆಯಿತು. ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ಅವರ ಸಮಿತಿ ಒಂದು ಜಾಣ ಸೂತ್ರ ಕೊಟ್ಟಿತು. ಪ್ರತಿ ರೈತನ ಲೆಕ್ಕಪುಸ್ತಕ ಕೇಳುವುದು ಬೇಡ. ಆಯಾ ಪ್ರದೇಶದ ಮಣ್ಣು, ಮಳೆ, ಬೆಳೆಯ ಇಳುವರಿ ನೋಡಿ ಹಿಡುವಳಿಗೆ ಒಂದು ಮೌಲ್ಯ ಕಟ್ಟಿ. ಮೌಲ್ಯ ಎಷ್ಟು ಸಾವಿರವೋ ಅದರ ಅರ್ಧದಷ್ಟು ಶೇಕಡಾ ತೆರಿಗೆ. ಮೌಲ್ಯ 10 ಸಾವಿರವಾದರೆ ನೂರಕ್ಕೆ 5, ಅಂದರೆ 500 ರೂಪಾಯಿ. 40 ಸಾವಿರವಾದರೆ ನೂರಕ್ಕೆ 20, ಅಂದರೆ 8,000 ರೂಪಾಯಿ. ಹಿಡುವಳಿಯ ಮೌಲ್ಯ ನಾಲ್ಕು ಪಟ್ಟು, ತೆರಿಗೆ ಹದಿನಾರು ಪಟ್ಟು. ಕಂದಾಯದಂತೆ ಸುಲಭ, ಆದಾಯ ತೆರಿಗೆಯಂತೆ ಏರುವ ದರ. ನಮ್ಮ ಅಭಿಪ್ರಾಯ ಕೇಳಿದರೆ ಈ ವಿಷಯದಲ್ಲಿ ಬಂದ ಅತ್ಯಂತ ಒಳ್ಳೆಯ ಯೋಚನೆ ಇದು. ಆದರೆ ವಿಧಾನಸಭೆಗಳಲ್ಲಿ ಕೂತವರಲ್ಲಿ ಎಷ್ಟೋ ಜನ ಸ್ವತಃ ದೊಡ್ಡ ಹಿಡುವಳಿಯವರು. ಸೂತ್ರ ಕಪಾಟು ಸೇರಿತು.

ಅದೇ ಸಮಿತಿಯ ಇನ್ನೊಂದು ಸಲಹೆ ಮಾತ್ರ 1973ರ ಹಣಕಾಸು ಕಾಯ್ದೆಯ ಮೂಲಕ ಜಾರಿಗೆ ಬಂತು, ಇವತ್ತಿಗೂ ಇದೆ. ಊರಲ್ಲಿ ತೋಟ, ಪೇಟೆಯಲ್ಲಿ ನೌಕರಿ ಇರುವವರು ಇದನ್ನು ತಿಳಿದಿರಬೇಕು. ಬೇಸಾಯದ ಆದಾಯ 5,000 ರೂಪಾಯಿ ದಾಟಿದ್ದು, ಉಳಿದ ಆದಾಯವೂ ಮೂಲ ಮಿತಿ ದಾಟಿದ್ದರೆ, ದರ ಲೆಕ್ಕ ಹಾಕಲು ಮಾತ್ರ ಎರಡನ್ನೂ ಕೂಡಿಸುತ್ತಾರೆ. ಹಳೆ ಪದ್ಧತಿಯ ದರದಲ್ಲಿ, ಸೆಸ್ ಬಿಟ್ಟು ಒಂದು ಉದಾಹರಣೆ. ಒಬ್ಬ ಮೇಷ್ಟ್ರಿಗೆ ಎಲ್ಲ ಕಡಿತ ಕಳೆದು ಸಂಬಳದ ಆದಾಯ 6 ಲಕ್ಷ. ತೋಟ ಇಲ್ಲದಿದ್ದರೆ ತೆರಿಗೆ 32,500. ತೋಟದಿಂದ 3 ಲಕ್ಷ ಬರುತ್ತಿದ್ದರೆ 9 ಲಕ್ಷದ ಮೇಲಿನ ತೆರಿಗೆ 92,500. ಅದರಿಂದ ತೋಟದ 3 ಲಕ್ಷ ಮತ್ತು ಮಿತಿಯ 2.5 ಲಕ್ಷ ಸೇರಿಸಿ 5.5 ಲಕ್ಷಕ್ಕೆ ಆಗುವ 22,500 ಕಳೆಯಬೇಕು. ಉಳಿದದ್ದು 70,000. ತೋಟದ ಮೇಲೆ ತೆರಿಗೆ ಹಾಕಿಲ್ಲ ಎಂದು ಕಾನೂನು ಹೇಳುತ್ತದೆ. ಮೇಷ್ಟ್ರ ಜೇಬಿಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ.

ಕಾಫಿ, ಚಹಾ, ರಬ್ಬರಿನಲ್ಲಿ ಇನ್ನೊಂದು ಪಾಲುಪಟ್ಟಿ ಇದೆ. ಬೆಳೆಯುವುದು ಬೇಸಾಯ, ಸಂಸ್ಕರಿಸುವುದು ವ್ಯಾಪಾರ ಎಂದು ಕೇಂದ್ರ ಒಂದು ಭಾಗ ತನ್ನದಾಗಿಸಿಕೊಂಡಿದೆ. ಚಹಾದಲ್ಲಿ ನೂರಕ್ಕೆ 40, ರಬ್ಬರಿನಲ್ಲಿ 35. ತಾನೇ ಬೆಳೆದು ಕ್ಯೂರಿಂಗ್ ಮಾಡಿ ಮಾರಿದ ಕಾಫಿಯಲ್ಲಿ 25, ಹುರಿದು ಪುಡಿ ಮಾಡಿ ಮಾರಿದರೆ 40. ಉಳಿದ ಭಾಗ ರಾಜ್ಯದ ಪಾಲಿನ ಕೃಷಿ ಆದಾಯ. ಹಣ್ಣು ಹಾಗೆಯೇ ಮಾರಿದವರಿಗೆ ಈ ಪಾಲಿನ ರಗಳೆ ಇಲ್ಲ.

ಹಾಲು, ಕೋಳಿ, ಮೀನು ಸಾಕಣೆ ಮಾಡುವವರು ಗಮನಿಸಿ. ಇವು ನಮ್ಮ ಮಾತಿನಲ್ಲಿ ರೈತಾಪಿ ಕೆಲಸವೇ ಆದರೂ ಆದಾಯ ತೆರಿಗೆ ಕಾನೂನಿನ ಕಣ್ಣಲ್ಲಿ ಕೃಷಿ ಆದಾಯ ಅಲ್ಲ. 1957ರಲ್ಲಿ ಸುಪ್ರೀಂ ಕೋರ್ಟು ಬಿನಯ್ ಕುಮಾರ್ ಸಹಸ್ ರಾಯ್ ಪ್ರಕರಣದಲ್ಲಿ ನೆಲ ಉಳುವುದು, ಬಿತ್ತುವುದು, ನೆಡುವುದು ಇಂಥ ಮೂಲ ಕೆಲಸ ಇದ್ದರಷ್ಟೇ ಬೇಸಾಯ ಎಂದಿತು. ತಾನಾಗಿ ಬೆಳೆದ ಕಾಡುಮರ ಮಾರಿದ್ದು ಕೂಡ ಸೇರುವುದಿಲ್ಲ. ಹತ್ತು ಎಮ್ಮೆ ಕಟ್ಟಿ ಡೇರಿಗೆ ಹಾಲು ಹಾಕುವ ಹೆಣ್ಣುಮಗಳ ಆದಾಯ ಲೆಕ್ಕಕ್ಕೆ ಬರುತ್ತದೆ, ನೂರು ಎಕರೆ ದ್ರಾಕ್ಷಿಯವರದ್ದು ಬರುವುದಿಲ್ಲ. ಆಕೆಯ ದುಡಿಮೆ ಮಿತಿ ಮುಟ್ಟುವುದು ಅಪರೂಪ, ಅದು ಬೇರೆ ಮಾತು.

ವಿನಾಯಿತಿಯನ್ನು ನಿಜವಾದ ರೈತರಷ್ಟೇ ಬಳಸುತ್ತಿಲ್ಲ ಎಂಬ ಗುಮಾನಿ ಊರಲ್ಲಿ ಎಲ್ಲರಿಗೂ ಇದೆ. 2019ರಲ್ಲಿ ಸಿಎಜಿ ಪರಿಶೀಲಿಸಿದ ಪ್ರಕರಣಗಳ ಪೈಕಿ ಐದರಲ್ಲಿ ಒಂದಕ್ಕಿಂತ ಹೆಚ್ಚಿನವುಗಳಲ್ಲಿ ಜಮೀನಿನ ದಾಖಲೆ, ಬೆಳೆ ಮಾರಿದ ಲೆಕ್ಕ ಇಂಥವನ್ನು ಸರಿಯಾಗಿ ನೋಡದೆಯೇ ಕೃಷಿ ಆದಾಯದ ವಿನಾಯಿತಿ ಕೊಟ್ಟದ್ದು ಕಂಡುಬಂತು. ಬೆಳೆ ಪರಿಹಾರಕ್ಕೆ ಅರ್ಜಿ ಹಾಕಿದ ಎರಡು ಎಕರೆಯವನಿಗೆ ಪಹಣಿ, ಆಧಾರ್, ಪಾಸ್‌ಬುಕ್, ಜಮೀನಿನಲ್ಲಿ ನಿಂತ ಫೋಟೋ ಕೇಳುವ ಕಾಲದಲ್ಲಿ ಇದು.

ಗಡಿಯಾಚೆ ಪಾಕಿಸ್ತಾನದಲ್ಲೂ ಇದೇ 1935ರ ಕಾನೂನಿನ ಬಳುವಳಿ. ಅಲ್ಲಿಯೂ ಕೃಷಿ ಆದಾಯ ಪ್ರಾಂತ್ಯಗಳ ವಿಷಯ, ಅಲ್ಲಿಯೂ ದೊಡ್ಡ ಭೂಮಾಲೀಕರೇ ಶಾಸನಸಭೆಗಳಲ್ಲಿ. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಾಲದ ಷರತ್ತು ಬಂದಾಗ 2024ರ ಕೊನೆ ಮತ್ತು 2025ರ ಆರಂಭದಲ್ಲಿ ನಾಲ್ಕೂ ಪ್ರಾಂತ್ಯಗಳು ಕೃಷಿ ಆದಾಯಕ್ಕೆ ನೂರಕ್ಕೆ 45ರವರೆಗೆ ಹೋಗುವ ದರದ ಕಾನೂನು ಮಾಡಿದವು. ಸಿಂಧ್ ವಿಧಾನಸಭೆಯಲ್ಲಿ ಮಸೂದೆ ಪಾಸು ಮಾಡಿದವರೇ ಅದನ್ನು ಬೈದುಕೊಂಡು ಪಾಸು ಮಾಡಿದರು.